ಕ್ಯಾಮೆರಾಕ್ಕೆ ಹೊದಿಸಿದ ಕಂಬಳಿ

ಮೊಮ್ಮಕ್ಕಳೇ, ನಿಮ್ಮ ಅಜ್ಜ ತೀರಿಹೋದದ್ದು ಹುನ್ನೂರಿನಿಂದ ಜಮಖಂಡಿಗೆ ಹೋಗುವ ರಸ್ತೆಯ ತಿರುವಿನಲ್ಲಿ, ಕುರಿ ದಾಟಿಸುವಾಗ. ಮುಂದಿನ ಕುರಿಗಳು ಆಚೆ ಸೇರಿದ್ದವು, ಹಿಂದಿನವು ಇನ್ನೂ ಈಚೆ ಇದ್ದವು. ನಡುವೆ ಅವರು ಕೈ ಎತ್ತಿ ನಿಂತಿದ್ದರಂತೆ. ಜೋರಾಗಿ ಬಂದ ಕಾರು ನಿಲ್ಲಲೇ ಇಲ್ಲ. ಅದು ಯಾರದೆಂದು ಇಂದಿಗೂ ಗೊತ್ತಾಗಿಲ್ಲ.

ಮರುವರ್ಷ ಅಲ್ಲಿ ಕಂಬ ನೆಟ್ಟು ಕ್ಯಾಮೆರಾ ಕೂರಿಸಿದರು. ಜೋರಾಗಿ ಹೋದ ಗಾಡಿಯ ಫೋಟೋ ತೆಗೆದರೆ ದಂಡ ಮೊಬೈಲಿಗೇ ಬರುತ್ತಿತ್ತು. ನನಗೆ ಸಮಾಧಾನವಾಗಿತ್ತು. ಸಂತೆಗೆ ಹೋಗುವಾಗ ಆ ತಿರುವಿನಲ್ಲಿ ಬಸ್ಸು ನಿಧಾನವಾದರೆ ಸಾಕು, ಸೆರಗಿನೊಳಗೇ ಕೈ ಮುಗಿಯುತ್ತಿದ್ದೆ.

ಊರಿನವರಿಗೆ ಅದು ಆಗಿಬರಲಿಲ್ಲ. ವೇಗದ ಮಿತಿ ಬರೆದ ಬೋರ್ಡು ಕಬ್ಬಿನ ಮರೆಯಲ್ಲಿತ್ತು. ಹೆರಿಗೆ ನೋವು ತಿನ್ನುತ್ತಿದ್ದವಳನ್ನು ಒಯ್ದ ಗಾಡಿಗೂ ದಂಡ ಬಂತು, ನಿಮ್ಮ ಅಪ್ಪನ ಬೈಕಿಗೂ ಬಂತು. ಪೊಲೀಸರ ಹತ್ತಿರ ಹೇಳಿಕೊಳ್ಳಲು ಹೋದವರನ್ನು, ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದು ವಾಪಸು ಕಳಿಸಿದರಂತೆ. ಅವರ ಸಿಟ್ಟು ತಪ್ಪೆನ್ನಲಾರೆ.

ನಮ್ಮ ಕಟ್ಟೆಯ ಮೇಲೇ ಮಂದಿ ಸೇರಿದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಒಬ್ಬ ಕಲ್ಲು ಹೊಡೆಯೋಣ ಎಂದ, ಇನ್ನೊಬ್ಬ ಗೋಣಿಚೀಲ ಕಟ್ಟೋಣ ಎಂದ. ಆಗ ನಿಮ್ಮ ಅಪ್ಪ ಬಾಯಿ ತೆರೆದ.

“ಚೀಲಾ ಆದ್ರ ಹರದ ಒಗೀತಾರ. ಬೀರಪ್ಪನ ಕಂಬಳಿ ಹೊಚ್ರಿ. ಯಾಂವ ಮುಟ್ತಾನ ನೋಡೂನು.”

ಎಲ್ಲರೂ ನಕ್ಕರು. ಕುರಿ ಕಾಯುವ ನಮಗೆ ಕಂಬಳಿ ಬರೀ ಹೊದಿಕೆಯಲ್ಲ, ನಮ್ಮ ದೇವರು ಬೀರಪ್ಪನ ಗದ್ದಿಗೆ. ಅದಕ್ಕೆ ಕಾಲು ತಾಗಿಸುವುದಿಲ್ಲ, ಕೋಲಿನಿಂದ ಎಳೆಯುವುದಿಲ್ಲ. ನಿಮ್ಮ ಅಪ್ಪ ಒಳಗೆ ಬಂದು, ಬಟ್ಟೆ ಹಾಕುವ ಗಳದ ಮೇಲಿದ್ದ ನಿಮ್ಮ ಅಜ್ಜನ ಕಂಬಳಿಯನ್ನೇ ತೆಗೆದುಕೊಂಡು ಹೋದ. ಅಷ್ಟು ಗಂಡಸರ ಎದುರು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಮರುದಿನ ಕ್ಯಾಮೆರಾದ ಮೇಲಿಂದ ಅದನ್ನು ತೆಗೆಯಲು ಬಂದ ಕೆಲಸಗಾರ ನಮ್ಮ ಪೈಕಿಯವನೇ. ಏಣಿ ಹತ್ತಿದವನು ಹಾಗೇ ಇಳಿದು, ಚಪ್ಪಲಿ ಬಿಟ್ಟು ಕೈ ಮುಗಿದು ಹೋದನಂತೆ. ಊರೆಲ್ಲ ಅದನ್ನೇ ಹೇಳಿ ನಗುತ್ತಿತ್ತು. ಗಾಡಿಗಳು ಮತ್ತೆ ಮೊದಲಿನಂತೆ ಓಡತೊಡಗಿದವು. ಒಲೆಯ ಮುಂದೆ ಕೂತರೂ ಆ ಸದ್ದು ಕೇಳುತ್ತಿತ್ತು.

ಮಳೆ ಹಿಡಿದು ಬಿಟ್ಟ ಮೇಲೆ ಒಂದು ದಿನ, ಊಟಕ್ಕೆ ಕೂತ ನಿಮ್ಮ ಅಪ್ಪನಿಗೆ ಹೇಳಿದೆ.

“ಆ ಕಂಬಳಿ ತಗೊಂಡ ಬಾರೊ. ಕ್ಯಾಮೆರಾಕ್ಕ ಅಂಜಿ ಮಂದಿ ಸಾವಕಾಶ ಹೋಗ್ತಾರ. ನಿಮ್ಮಪ್ಪನಂಗ ಮತ್ತೊಬ್ರು ಸಾಯೂದು ಬ್ಯಾಡ.”

ಅವನು ಮುರಿದ ರೊಟ್ಟಿ ಕೈಯಲ್ಲೇ ಹಿಡಿದು ಕೂತ.

“ಅಪ್ಪನ್ನ ಹೊಡದಾಂವನ ಫೋಟೋ ಐತೇನಬೇ ಅದರಾಗ? ಅವತ್ತ ಯಾಕ ಇರಲಿಲ್ಲ ಅದು?”

ಅವನ ಸಿಟ್ಟು ದಂಡದ್ದೆಂದೇ ಇಷ್ಟು ದಿನ ಅಂದುಕೊಂಡಿದ್ದೆ. ಅಪ್ಪನನ್ನು ಮಣ್ಣು ಮಾಡಿದ ದಿನ ಒಂದು ಹನಿ ಕಣ್ಣೀರು ಹಾಕದಿದ್ದವನು ಆ ದಿನ ತಾಟಿನ ಮುಂದೆ ಕೂತು ಅತ್ತ. ಬೆನ್ನು ಸವರಿದೆ.

ಸಂಜೆ ಅವನೇ ಏಣಿ ಹೊತ್ತುಕೊಂಡು ಹೋಗಿ ಕಂಬಳಿ ಇಳಿಸಿ ತಂದ. ಊರಿನವರು ಬೈದರೂ ನಿಲ್ಲಲಿಲ್ಲ. ಕಂಬಳಿ ಮಳೆಯಲ್ಲಿ ನೆನೆದು, ಬಿಸಿಲಿಗೆ ಬಿರುಸಾಗಿ, ಲಾರಿ ಹೊಗೆ ಹಿಡಿದಿತ್ತು. ಒಳಗೆ ಒಯ್ದು ಮಡಿಕೆ ಮಡಿಕೆ ಬಿಚ್ಚಿ ಮೂಗಿಗೆ ಒತ್ತಿಕೊಂಡೆ. ನಿಮ್ಮ ಅಜ್ಜನ ವಾಸನೆ ಎಲ್ಲಿಯೂ ಉಳಿದಿರಲಿಲ್ಲ.