ಕಂಬಳಿಯೊಳಗಿನ ಬೀಡಿ

ಪಕ್ಕದ್ಮನೆ ಬಸುರಿ ರತ್ನಿನ ಹಿರಿಯೂರು ಆಸ್ಪತ್ರೆಗೆ ಕರ್ಕಂಡೋಗಿದ್ದೆ. ಅವ್ಳ ಗಂಡ ಈರಣ್ಣನೂ ಜೊತೆಗಿದ್ದ. ನರ್ಸಮ್ಮ ಉಸಿರಾಗಿನ ಹೊಗೆ ಅಳೆಯಾ ಒಂದು ಮಿಷಿನ್ ಕೊಟ್ಟು ರತ್ನಿ ಕೈಲಿ ಊದಿಸಿದ್ರು. ಕೆಂಪು ಲೈಟು ಹತ್ತಿಬಿಡ್ತು.

"ಬೀಡಿ ಸೇದ್ತೀಯೇನಮ್ಮ?"

"ಅಯ್ಯೋ, ಮುಟ್ಟಿಲ್ಲಕ್ಕ!" ಅಂತ ರತ್ನಿ ಅಳಾಕೆ ಹತ್ತಿದ್ಳು. ಊರಿಗೆ ಹೇಳಾಕೆ ಒಳ್ಳೆ ಸುದ್ದಿ ಸಿಕ್ತು ಅಂತ ನಾನು ಹತ್ರ ಸರಿದೆ.

ಈರಣ್ಣ ತಲೆ ತಗ್ಗಿಸ್ದ. "ಸೇದಾವ್ನು ನಾನ್ರಿ. ಚಳಿಗೆ ಇಬ್ರೂ ಒಂದೇ ಕಂಬಳಿ ಮುಸುಕು ಹಾಕ್ಕಂತೀವಿ. ಬೆಳಗ್ಗೆ ಅದ್ರೊಳಗೇ ಹಚ್ತೀನಿ."

"ನಿನ್ ಹೊಗೆ ಇವ್ಳ ರಕ್ತದಾಗೆ ಕುಂತೈತೆ ನೋಡಪ್ಪ. ತಾಸುಗಟ್ಲೆ ಬಿಡಲ್ಲ. ಹೊಟ್ಟೆಯಾಗಿನ ಕೂಸಿಗೂ ಹೋಗ್ತೈತೆ" ಅಂದ್ರು ನರ್ಸಮ್ಮ.

ಈರಣ್ಣ ಬೀಡಿ ಕಟ್ಟು ತೆಗ್ದು ಕಸದ ಡಬ್ಬಿಗೆ ಹಾಕ್ದ.

ನಂಗೆ ಮೈ ಜುಮ್ಮಂತು. ಗಾಳಿಯಾಗೆ ಕರಗಿ ಹೋಯ್ತು ಅಂದ್ಕಂಡ ಹೊಗೆನ ಮೈ ಹಿಂಗೆ ಹಿಡಿದಿಟ್ಕಂತೈತಾ! ನನ್ ಹೊಟ್ಟೆಯಾಗಂತೂ ಒಂದ್ ಸುದ್ದಿನೂ ಊರಾಗೆ ಬಸ್ ಇಳಿಯಾ ತಂಕ ನಿಂತಿಲ್ಲ.