ಹೋಳಿಗೆ ಗುರುಲಿಂಗಮ್ಮನ ಎಡಗಣ್ಣು

ಮಕ್ತಲ್‌ನಲ್ಲಿ ಯಾರ ಮನೆಯಲ್ಲಾದರೂ ಮದುವೆ ಗೊತ್ತಾದರೆ, ಮುಹೂರ್ತ ಕೇಳುವ ಮೊದಲು ಗುರುಲಿಂಗಮ್ಮನಿಗೆ ಆ ವಾರ ಬಿಡುವಿದೆಯೇ ಎಂದು ಕೇಳುತ್ತಿದ್ದರು. ಹೋಳಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಸಿಟ್ಟಿನಲ್ಲೂ ಅಷ್ಟೇ. ಹೂರಣದ ಪಾತ್ರೆಗೆ ಕೈ ಹಾಕಿದ ಬೀಗರ ಹಿರಿಯನನ್ನೇ ಒಮ್ಮೆ ಸೌಟು ತೋರಿಸಿ ಹೊರಗಟ್ಟಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿ ಒಂಬತ್ತು ವರ್ಷವಾಗಿತ್ತು. "ಹೂರಣ ತಿಂದು ತಿಂದು ಬಂದೈತಿ" ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಒಂಬತ್ತು ವರ್ಷ ಅವಳು ಬೆಲ್ಲದ ಒಂದು ಚೂರನ್ನೂ ಬಾಯಿಗೆ ಹಾಕಿರಲಿಲ್ಲ. ಹೂರಣದ ಹದವನ್ನು ಮೂಗಿನಿಂದಲೇ ಹಿಡಿಯುತ್ತಿದ್ದಳು. ತಿಂಗಳಿಗೊಮ್ಮೆ ಬಸ್ ನಿಲ್ದಾಣದ ಹತ್ತಿರದ ಖಾಸಗಿ ದವಾಖಾನೆಗೆ ಹೋಗಿ, ಬೆರಳು ಚುಚ್ಚಿಸಿಕೊಂಡು, ಗುಳಿಗೆ ತರುತ್ತಿದ್ದಳು. ಕಣ್ಣು ಮಂಜಾದಾಗ ಚಸ್ಮಾ ಅಂಗಡಿಯವನು ನಂಬರು ಬದಲಿಸಿಕೊಟ್ಟ. ಹಾಗೆ ಮೂರು ಸಲ ಆಯಿತು.

ನಾರಾಯಣಪೇಟೆ ಹೊಸ ಜಿಲ್ಲೆಯಾದ ವರ್ಷ ಮರಿಕಲ್‌ನಲ್ಲೊಂದು ಮದುವೆ. ಬೆಳಗಿನ ಅಡುಗೆಯ ಹೊತ್ತಿಗೆ ಎಡಗಣ್ಣಿನ ಮುಂದೆ ಮಸಿಯ ಎಳೆಗಳು ತೇಲತೊಡಗಿದವು. ಹೊಗೆಯೆಂದುಕೊಂಡು ಸೆರಗಿನಿಂದ ಒರೆಸಿದಳು. ಎಳೆಗಳು ಹೋಗಲಿಲ್ಲ. ಬಲಗಣ್ಣು ಮುಚ್ಚಿ ನೋಡಿದಳು. ಒಲೆಯಿಲ್ಲ, ಹಂಚಿಲ್ಲ, ಎದುರಿಗೇ ಕಣಕ ನಾದುತ್ತಿದ್ದ ತಂಗಿ ಭೀಮಮ್ಮನೂ ಇಲ್ಲ. ಎಲ್ಲ ಕೆಂಗಪ್ಪು.

ಅವಳು ಯಾರಿಗೂ ಹೇಳಲಿಲ್ಲ. ಒಂದೇ ಕಣ್ಣಲ್ಲಿ ನಾನೂರು ಹೋಳಿಗೆ ಬೇಯಿಸಿ, ಮರುದಿನ ಗದ್ವಾಲ್ ಬಸ್ಸು ಹತ್ತಿದಳು.

ಅಲ್ಲಿಯ ಕಣ್ಣಿನ ಡಾಕ್ಟರು ನವನೀತಾ, ವಯಸ್ಸಿನಲ್ಲಿ ಚಿಕ್ಕವರು. ಕಣ್ಣಿಗೆ ಹನಿ ಹಾಕಿಸಿ, ಪಾಪೆ ಅಗಲವಾಗುವವರೆಗೆ ಕೂರಿಸಿ, ದೀಪ ಹಿಡಿದು ಒಳಗೆ ನೋಡಿದರು. "ಸಕ್ಕರಿ ಬ್ಯಾನಿಯಿಂದ ಒಳಗಿನ ನರ ಒಡದು ರಕ್ತ ತುಂಬೈತಮ್ಮ. ಬಲಗಣ್ಣಿಗೂ ಶುರುವಾಗೈತಿ. ಇಷ್ಟು ತಡ ಯಾಕ ಮಾಡಿದ್ರಿ? ವರ್ಷಕ್ಕೊಮ್ಮೆ ಹಿಂಗ ನೋಡಿಸಬೇಕಿತ್ತು."

ಗುರುಲಿಂಗಮ್ಮ ಎದ್ದು ನಿಂತಳು. "ತಡ ಮಾಡಿದಾಕಿ ನಾನೇನವ್ವ? ಒಂಬತ್ತು ವರ್ಷ ಒಂದು ತಿಂಗಳು ತಪ್ಪಸದಂಗ ದವಾಖಾನಿಗಿ ಹೋಗೀನಿ! ಕಣ್ಣು ನೋಡಿಸಂತ ಒಬ್ಬರರ ಬಾಯಿ ಬಿಟ್ಟಾರೇನು?"

ಡಾಕ್ಟರು ವಾದಿಸಲಿಲ್ಲ. "ನಿಮ್ಮದು ಖರೇನ ಐತಿ. ಆದ್ರ ಅದನ್ನ ಹೇಳಬೇಕಾದ ಜಾಗ ಇದಲ್ಲ," ಎಂದರು.

ಸರಿ, ಆ ಜಾಗಕ್ಕೇ ಹೋದಳು. ಮಕ್ತಲ್‌ನಲ್ಲಿ ಬಸ್ಸಿಳಿದವಳು ಮನೆಗೂ ಹೋಗದೆ ತಾನು ತಿಂಗಳಿಗೊಮ್ಮೆ ಹೋಗುತ್ತಿದ್ದ ದವಾಖಾನೆಗೆ ನುಗ್ಗಿದಳು. ಹನಿಯಿಂದ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅಲ್ಲಿಯ ಡಾಕ್ಟರು ತಲೆಯೆತ್ತದೆ ಅಂದರು: "ಕಣ್ಣು ನೋವು ಅಂತ ನೀವು ಯಾವತ್ತೂ ಹೇಳಲಿಲ್ಲವಲ್ಲ?"

"ನೋವು ಬಂದಿದ್ರ ಹೇಳತಿದ್ದಿಲ್ಲೇನ್ರಿ ಡಾಕ್ಟರ್ ಸಾಬ? ನೋಯದನ ಹೋತು! ನನಗ ಗೊತ್ತಿಲ್ಲ, ನಾನು ಹೋಳಿಗಿ ಮಾಡಾಕಿ. ನಿಮಗ ಗೊತ್ತಿತ್ತಲ್ಲ?"

ಅವಳು ಹೊರಗೆ ಸಾಲಾಗಿ ಕುಳಿತಿದ್ದ ಸಕ್ಕರೆ ಕಾಯಿಲೆಯವರತ್ತ ತಿರುಗಿದಳು. "ಕಣ್ಣು ಕಾಣತಾವಂತ ಸುಮ್ಮ ಕುಂತೀರಲ್ಲ, ಒಳಗ ದೀಪ ಹಾಕಿ ನೋಡಿಸೀರೇನು? ಏಳ್ರಿ, ಕೇಳ್ರಿ ಅವರನ್ನ!"

ಮರುವಾರ ಭೀಮಮ್ಮನ ಸರದಿ. ಅವಳಿಗೂ ಆರು ವರ್ಷದಿಂದ ಅದೇ ಕಾಯಿಲೆ. "ನಾನು ಇನ್ನೂ ಸೂಜಿಗೆ ದಾರ ಪೋಣಸತೀನಿ, ಅಕ್ಕ. ನನಗ್ಯಾಕ?" ಎಂದು ಜಗಲಿ ಬಿಟ್ಟು ಏಳಲಿಲ್ಲ.

"ನನಗೂ ಕಾಣತಿತ್ತು, ಕಣ್ಣು ಹೋಗೋ ಮುಂಜಾನಿ ತನಕ," ಎಂದು ಗುರುಲಿಂಗಮ್ಮ ರಟ್ಟೆ ಹಿಡಿದು ಗದ್ವಾಲ್‌ಗೆ ಎಳೆದೊಯ್ದಳು. ಸೂಜಿಗೆ ದಾರ ಪೋಣಿಸುತ್ತಿದ್ದ ಆ ಎರಡೂ ಕಣ್ಣುಗಳ ಹಿಂದೆ ರಕ್ತದ ಚುಕ್ಕೆಗಳಿದ್ದವು. ನವನೀತಾ ಲೇಸರ್ ಹಾಕಿದರು. ಸಕಾಲಕ್ಕೆ ಬಂದಿರಿ ಎಂದರು. ಭೀಮಮ್ಮ ಅತ್ತು ಕೈಮುಗಿದಳು. ಗುರುಲಿಂಗಮ್ಮನ ಸಿಟ್ಟು ಮಾತ್ರ ಇನ್ನೂ ಏರಿತು. ಇಷ್ಟೇ ಕೆಲಸವೇ? ಎರಡು ಹನಿ, ಒಂದು ದೀಪ. ಇಷ್ಟು ಆಗದ್ದಕ್ಕೆ ತನ್ನ ಕಣ್ಣು ಹೋಯಿತೇ?

ಅವಳ ಬಲಗಣ್ಣು ಲೇಸರಿನಿಂದ ಉಳಿಯಿತು. ಎಡಗಣ್ಣಿಗೆ ಆಪರೇಷನ್ ಆದರೂ ಬೆಳಕು ನೆರಳು ಬಿಟ್ಟು ಬೇರೇನೂ ಕಾಣಲಿಲ್ಲ. ಎಣ್ಣೆ ಸುರಿಯುವಾಗ ದೂರದ ಅಂದಾಜು ತಪ್ಪಿ ಎರಡು ಸಲ ಕೈ ಸುಟ್ಟುಕೊಂಡಳು. ಆದರೂ ಸೌಟು ಬಿಡಲಿಲ್ಲ. ಮಕ್ತಲ್ ದವಾಖಾನೆಯ ಡಾಕ್ಟರು ಈಗ ಸಕ್ಕರೆ ಕಾಯಿಲೆಯ ಪ್ರತಿಯೊಬ್ಬರಿಗೂ ಗದ್ವಾಲ್‌ಗೆ ಚೀಟಿ ಬರೆಯುತ್ತಾರೆ.

ಒಂದು ಮದುವೆಮನೆಯಲ್ಲಿ ಯಜಮಾನ ಶರಣಯ್ಯ ಅಡುಗೆಯ ಹತ್ತಿರ ಬಂದು ಮೆಚ್ಚಿ ಹೇಳಿದ: "ನಿಮ್ಮ ಒಂದು ಕಣ್ಣು ಹೋಗಿ ಊರಿಗೆಲ್ಲ ಪುಣ್ಯ ಆತು ನೋಡ್ರಿ, ಗುರುಲಿಂಗಮ್ಮ."

"ಪುಣ್ಯ ಬೇಕಾಗಿದ್ರ ನಿನ್ನ ಕಣ್ಣು ಕೊಡಬೇಕಿತ್ತು. ನನ್ನದನ್ಯಾಕ ಕೊಡತೀಯೋ?" ಎಂದು ಅವಳು ಹಂಚಿನ ಮೇಲಿನ ಹೋಳಿಗೆಯನ್ನು ಮಗುಚಿದಳು.