ಪೊಟ್ಟಣದ ಮೇಲೆ ಅಜ್ಜಿ

ನನ್ನ ಕೆಲಸ ಏನೆಂದು ದೊಡ್ಡಪ್ಪನಿಗೆ ವಿವರಿಸಲು ಮೂರು ಸಲ ಪ್ರಯತ್ನಿಸಬೇಕಾಯಿತು. ನಾನು ತಿಪಟೂರಿನ ಬಾಡಿಗೆ ಮನೆಯಲ್ಲಿ ಕೂತು ಚಿತ್ರ ಬರೆಯುತ್ತೇನೆ. ಬರೆಯುವುದನ್ನು ವಿಡಿಯೋ ಮಾಡಿ ಹಾಕುತ್ತೇನೆ. ಅದರ ಕೆಳಗೆ ಬಣ್ಣ, ಕುಂಚ, ಕಾಗದ ಮಾರುವ ಅಂಗಡಿಯ ಲಿಂಕ್ ಇರುತ್ತದೆ. ನೋಡಿದವರು ಅದನ್ನು ಒತ್ತಿ ಏನಾದರೂ ಕೊಂಡರೆ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ. ಬಿಳಿಗೆರೆಯ ತೋಟದಲ್ಲಿ ಕಾಯಿ ಗುಡ್ಡೆಗೆ ಒರಗಿ ಕೂತಿದ್ದ ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ನೀನು ದಲ್ಲಾಳಿ ಕಣ್ಲಾ. ಮೊದ್ಲೇ ಹಂಗನ್ನಬಾರದಾ?"

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಆದರೂ ಗುಡ್ಡೆಗೆ ಒರಗಿದ್ದರು ಎಂದು ಬರೆದೆ, ಅದು ಖಚಿತವಿಲ್ಲ. ತೋಟವೆಂದರೆ ಕಾಯಿ ಗುಡ್ಡೆ ಇರಲೇಬೇಕೆಂದು ನನ್ನ ನೆನಪು ತಾನೇ ಒಂದನ್ನು ತಂದು ಸುರಿದಿರಬಹುದು.

ಆ ದಿನಗಳಲ್ಲಿ ನಾಲ್ಕು ಕಂಪನಿಗಳು ತಮ್ಮ ಲಿಂಕ್ ಹಾಕಿರೆಂದು ಕೇಳಿದ್ದವು. ಯಾರೊಡನೆ ಸೇರಬೇಕೆಂದು ತೀರ್ಮಾನಿಸಲು ನಾನೊಂದು ಪ್ರಶ್ನಾವಳಿ ಮಾಡಿ ಕಳಿಸಿದೆ. ಕುಂಚದ ಕೂದಲು ಯಾವ ಪ್ರಾಣಿಯದು, ಅದನ್ನು ಕಟ್ಟುವವರಿಗೆ ಕೂಲಿ ಎಷ್ಟು, ಇಂಥವೇ ಎರಡು ಪುಟ. ನಾಲ್ವರೂ ಸೊಗಸಾಗಿ ಉತ್ತರಿಸಿದರು. ಎಷ್ಟು ಸೊಗಸಾಗಿ ಎಂದರೆ ಅದರಿಂದ ಏನೂ ಗೊತ್ತಾಗಲಿಲ್ಲ.

ದೊಡ್ಡಪ್ಪ ಪ್ರಶ್ನಾವಳಿಯನ್ನು ನೋಡಲೂ ಇಲ್ಲ. ಹೊಸ ಮಂಡಿಗೆ ಕೊಬ್ಬರಿ ಹಾಕುವಾಗ ತಾವು ಏನು ಮಾಡುತ್ತಿದ್ದರೆಂದು ಹೇಳಿದರು. ಹೊರಗೆ ಚೆನ್ನಾಗಿ ಕಂಡು ಒಳಗೆ ಕೆಟ್ಟ ಕೊಬ್ಬರಿಗೆ ನಮ್ಮಲ್ಲಿ ಕೌಟು ಎನ್ನುತ್ತಾರೆ. ಗೊತ್ತಿದ್ದೂ ಅಂಥದ್ದೊಂದನ್ನು ಚೀಲದ ನಡುವೆ ಸೇರಿಸಿ ಕಳಿಸುವುದು. ದಲ್ಲಾಳಿ ಅದನ್ನು ಎತ್ತಿ ಇವರ ಮುಖಕ್ಕೆ ಹಿಡಿದರೆ ಅಲ್ಲಿಗೇ ಮುಂದಿನ ವರ್ಷವೂ ಹೋಗುವುದು. ಅವನು ಸುಮ್ಮನಿದ್ದರೆ ಬೇರೆ ಮಂಡಿ.

"ನಮಗೋಸ್ಕರ ಕೊಳ್ಳೋನಿಗೆ ಮೋಸ ಮಾಡ್ದೋನು, ನಾಳೆ ಕೊಳ್ಳೋನಿಗೋಸ್ಕರ ನಮಗೂ ಮಾಡ್ತಾನೆ" ಎಂದರು.

ನಾನು ನಾಲ್ವರಿಗೂ ಇನ್ನೊಂದು ಪತ್ರ ಬರೆದೆ. ನಿಮ್ಮ ಕೆಂಪು ಬಣ್ಣದಲ್ಲಿ ಬಿಸಿಲು ಬೀಳುವ ಗೋಡೆಗೊಂದು ಚಿತ್ರ ಬರೆದು ವಿಡಿಯೋದಲ್ಲಿ ತೋರಿಸುತ್ತೇನೆ, ಆಗಬಹುದೇ? ಆ ಜಾತಿಯ ಕೆಂಪು ಬಿಸಿಲಿಗೆ ಮಾಸುತ್ತದೆಂದು ನನಗೆ ಗೊತ್ತಿತ್ತು. ಮೂವರು ಖಂಡಿತ ಆಗಬಹುದೆಂದರು, ಅವರಲ್ಲೊಬ್ಬರು ಶುಭವನ್ನೂ ಕೋರಿದರು. ಮೈಸೂರಿನ ಒಂದು ಚಿಕ್ಕ ಸಂಸ್ಥೆಯ ಹೆಂಗಸು ಮಾತ್ರ ಫೋನ್ ಮಾಡಿ, ಆ ಕೆಂಪು ಆರು ತಿಂಗಳೂ ನಿಲ್ಲುವುದಿಲ್ಲ, ದಯವಿಟ್ಟು ತೋರಿಸಬೇಡಿ ಎಂದರು. ಉಳಿದ ಮೂವರನ್ನು ಬಿಟ್ಟೆ. ಆಮೇಲೆ ಎರಡು ವರ್ಷ ನನ್ನ ಎಲ್ಲ ವಿಡಿಯೋಗಳ ಕೆಳಗೂ ಇದ್ದದ್ದು ಅವರ ಲಿಂಕ್ ಒಂದೇ. ನನ್ನ ಬಾಡಿಗೆ ಹುಟ್ಟುತ್ತಿದ್ದುದೂ ಅದರಿಂದಲೇ.

ಒಂದು ವಿಡಿಯೋದಲ್ಲಿ ನಾನು ತೆಂಗಿನ ಚಿಪ್ಪನ್ನು ಸುಟ್ಟು, ಅರೆದು, ಆ ಕಪ್ಪಿನಲ್ಲಿ ಚಿತ್ರ ಬರೆದೆ. ಕೈ ಆಡಿಸುತ್ತಾ, ನಮ್ಮಜ್ಜಿ ಹೀಗೇ ಮಾಡಿ ಗೋಡೆಯ ಮೇಲೆ ಬಳ್ಳಿ ಬರೆಯುತ್ತಿದ್ದಳು ಎಂದೆ. ಬೇರೆ ಯಾವ ವಿಡಿಯೋವನ್ನೂ ಜನ ಅಷ್ಟು ನೋಡಿಲ್ಲ. ಮೈಸೂರಿನವರು ಅದನ್ನು ನೋಡಿಯೇ ಚಿಪ್ಪಿನ ಕಪ್ಪು ತಯಾರಿಸಲು ಹೊರಟರು. ಪೊಟ್ಟಣ ಅಚ್ಚಿಗೆ ಹೋಗುವ ಮುನ್ನ ಆ ಹೆಂಗಸು ಫೋನ್ ಮಾಡಿದರು.

"ಅಜ್ಜಿ ವಿಷಯ ಪೊಟ್ಟಣದ ಮೇಲೆ ಹಾಕ್ತಿದೀವಿ ಸರ್. ಅದು ನಿಜ ತಾನೇ? ಇನ್ನೊಂದ್ಸಲ ಮನೇಲಿ ಕೇಳಿ ಹೇಳ್ತೀರಾ?"

ನಿಜವಲ್ಲದಿದ್ದರೆ ಏನು ಮಾಡುತ್ತೀರೆಂದು ಕೇಳಿದೆ. ಕಪ್ಪನ್ನೇ ಕೈಬಿಡುತ್ತೇವೆ ಎಂದರು. ಕಥೆಯಿಲ್ಲದ ಕಪ್ಪನ್ನು ಯಾರೂ ಕೊಳ್ಳುವುದಿಲ್ಲ, ಮತ್ತು ಆ ಕಪ್ಪು ಮಾರಾಟವಾಗದಿದ್ದರೆ ಕಮಿಷನ್ ಕೊಡುವ ಈ ಏರ್ಪಾಡನ್ನು ಮುಂದುವರಿಸುವ ಶಕ್ತಿ ತಮಗಿಲ್ಲ ಎಂದೂ ಹೇಳಿದರು. ಅಡಗಿಸದೆ ಹೇಳುತ್ತಾರೆಂದೇ ನಾನು ಅವರನ್ನು ಆರಿಸಿಕೊಂಡಿದ್ದು.

ಹೇಳಿದ್ದು ಯಾರು, ಅವರಿಗೆ ಹೇಗೆ ಗೊತ್ತು ಎಂದು ಕೇಳುವುದೇ ನಾನು ಓದಿದ ವಿದ್ಯೆ. ಅದನ್ನು ಸತ್ತ ರಾಜರ ಮೇಲೆಲ್ಲ ಪ್ರಯೋಗಿಸಿದ್ದೆ. ಬಿಳಿಗೆರೆಗೆ ಹೋದೆ.

ದೊಡ್ಡಮ್ಮ ಜಗಲಿಯಲ್ಲಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಅಜ್ಜಿಯ ಜೊತೆ ಇದ್ದವರು. ನನ್ನ ಪ್ರಶ್ನೆ ಕೇಳಿಯೂ ಕೈ ನಿಲ್ಲಿಸಲಿಲ್ಲ.

"ಅತ್ತೆ ಗೋಡೆ ಮೇಲೆ ಬರೀತಿದ್ರಾ? ಸುಣ್ಣ ಹೊಡೆದ ಗೋಡೆ ಮುಟ್ಟಿದ್ರೆ ಕೈ ಮುರೀತಿದ್ರು ಕಣಪ್ಪ. ಇದ್ದಿಲಲ್ಲಿ ಹಲ್ಲುಜ್ಜೋರು, ಅಷ್ಟೇಯ. ಗೋಡೆ ತುಂಬ ಬರ್ದು ಒದೆ ತಿಂದೋನು ನೀನು."

ದೊಡ್ಡಪ್ಪ ಒಳಗಿನಿಂದಲೇ ನನ್ನ ಸಹಾಯಕ್ಕೆ ಬಂದರು. "ಬರೀತಿದ್ಳು ಅಂತ ಹೇಳ್ಲಾ, ಬುಡು. ನಾನೂ ನೋಡಿದೀನಿ ಅಂತೀನಿ. ಅವಳೇನು ಎದ್ದು ಬಂದು ಕೇಳ್ತಾಳಾ?"

"ಮೊನ್ನೆ ಮಚ್ಚು ಎಲ್ಲಿಟ್ರಿ ಅಂತ ಜ್ಞಾಪಕ ಇಲ್ಲ, ಇದು ಬಂತು ನೋಡು" ಎಂದರು ದೊಡ್ಡಮ್ಮ.

ನನಗೆ ಮಾತ್ರ ಅಜ್ಜಿ ಈಗಲೂ ಕಾಣುತ್ತಿದ್ದಳು. ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ, ಬೆರಳು ಕಪ್ಪಾಗಿದೆ. ಆದರೆ ಬೆರಳ ತುದಿಯಲ್ಲಿ ಬಳ್ಳಿ ಬೆಳೆಯುತ್ತಿತ್ತೋ, ನಾನು ಬರೆದದ್ದನ್ನು ಅವಳು ಒರೆಸುತ್ತಿದ್ದಳೋ, ಎಷ್ಟು ನೋಡಿದರೂ ತಿಳಿಯಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಮೈಸೂರಿಗೆ ಒಂದು ಸಂದೇಶ ಬರೆದೆ: ಈ ಬಗ್ಗೆ ಕುಟುಂಬದಲ್ಲಿ ಎರಡು ಅಭಿಪ್ರಾಯಗಳಿವೆ. ಒಂದಕ್ಷರವೂ ಸುಳ್ಳಿಲ್ಲದ ವಾಕ್ಯ, ಇತಿಹಾಸ ಓದದವರಿಗೆ ಬರೆಯಲು ಬರುವುದಿಲ್ಲ. ಸ್ವಲ್ಪ ಹೊತ್ತು ಅದನ್ನು ಮೆಚ್ಚಿಕೊಂಡು, ಅಳಿಸಿ, "ನಿಜವಲ್ಲ. ಬರೆಯುತ್ತಿದ್ದವನು ಬಹುಶಃ ನಾನು" ಎಂದು ಕಳಿಸಿದೆ.

ಅವರು ಥ್ಯಾಂಕ್ಸ್ ಹೇಳಿದರು. ಕಪ್ಪು ನಿಂತಿತು. ತಿಂಗಳ ಕೊನೆಗೆ ಲಿಂಕೂ ನಿಂತಿತು. ಅದನ್ನು ತಿಳಿಸಲು ಫೋನ್ ಮಾಡಿದಾಗ ಅವರು ಇನ್ನೊಂದು ಕೇಳಿದರು. "ಆ ವಿಡಿಯೋ ಇನ್ನೂ ಹಂಗೇ ಇದೆಯಲ್ಲ ಸರ್?"

ನನಗೆ ಹೊಳೆದಿರಲಿಲ್ಲ. ಕತ್ತರಿಸಲು ಕೂತು ವಿಡಿಯೋ ನೋಡಿದೆ. ಅಜ್ಜಿಯ ಬಗ್ಗೆ ಹೇಳುವಾಗ ನನ್ನ ದನಿಯಲ್ಲಿ ಎಂಥ ನಂಬಿಕೆ ಇತ್ತೆಂದರೆ, ಅಷ್ಟು ಹೊತ್ತು ನಾನೂ ಮತ್ತೆ ನಂಬಿದೆ. ಆಮೇಲೆ ಕತ್ತರಿಸಿದೆ. ಈಗ ಆ ಜಾಗದಲ್ಲಿ ನನ್ನ ಕೈ ಒಮ್ಮೆಲೇ ಕಾಗದದ ಈ ತುದಿಯಿಂದ ಆ ತುದಿಗೆ ಹಾರುತ್ತದೆ. ಅಲ್ಲೇನಿತ್ತು ಎಂದು ಆಗಾಗ ಯಾರಾದರೂ ಕೇಳುತ್ತಾರೆ. ನನಗೆ ಸರಿಯಾಗಿ ಗೊತ್ತಿಲ್ಲದ್ದೊಂದನ್ನು ಹೇಳಿದ್ದೆ ಎಂದು ಉತ್ತರ ಬರೆಯುತ್ತೇನೆ.